ಬೆಳ್ಳಿತೆರೆಯ ಮಾಂತ್ರಿಕ: ಕಾಪಾಲಿಕನ ಉತ್ತರಕಥೆ

ಮದರಾಸಿನ ವಿಜಯಾ ಸಂಸ್ಥೆಯ ‘ಪಾತಾಳ ಭೈರವಿ’ ತೆಲುಗು ಚಿತ್ರವು 1951ರಲ್ಲಿ ತೆರೆಕಂಡಿತು. ಕೆ. ವಿ. ರೆಡ್ಡಿಯವರ ನಿರ್ದೇಶನ, ಪಿಂಗಳಿ ನಾಗೇಂದ್ರರಾಯರ ಬರೆವಣಿಗೆ, ಮಾರ್ಕಸ್ ಬಾರ್ಟ್ಲಿಯವರ ಛಾಯಾಗ್ರಹಣಗಳು ಕೂಡಿದ ಆ ಚಿತ್ರದಲ್ಲಿ ಕಥಾನಾಯಕನಾಗಿ ಎನ್. ಟಿ. ರಾಮರಾವ್ ಅವರಿದ್ದರೂ ಪ್ರೇಕ್ಷಕರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವನು ಎಸ್. ವಿ. ರಂಗರಾಯರು ಅಭಿನಯಿಸಿದ ನೇಪಾಳದ ಮಾಂತ್ರಿಕ. ನೀಳವಾದ ಗಡ್ಡ, ಗುಹೆ, ಉಗ್ರದೇವತೆಯ ವಿಗ್ರಹ, ಬಲಿಪೀಠ ಇವು ಅಂದಿನಿಂದ ತೆರೆಯ ಮಾಂತ್ರಿಕನ ಆಸ್ತಿಯಾದುವು. ತೆಲುಗಿನಲ್ಲಿ ಈ ಬಗೆಯ ಕೃತಿಗಳಿಗೆ ‘ಜಾನಪದ ಚಿತ್ರ’ವೆಂಬ ಹೆಸರು ರೂಢವಾಗಿದೆ, ಕನ್ನಡ ವಿಮರ್ಶೆಯೂ ಅದನ್ನು ಹೆಚ್ಚು ಚರ್ಚೆಯಿಲ್ಲದೆ ಸ್ವೀಕರಿಸಿದೆ. ಮಾಂತ್ರಿಕನ ಪಾತ್ರದ ಮಟ್ಟಿಗೆ ಈ ಹೆಸರು ಸಲ್ಲದೆಂಬುದು ನಮ್ಮ ಅಭಿಪ್ರಾಯ. ಅವನು ಜನಪದರ ನಡುವೆ ಹುಟ್ಟಿದವನಲ್ಲ. ಪಂಡಿತರ ವಾಗ್ವಾದದಲ್ಲಿ ಹುಟ್ಟಿದವನು.

ಚಿತ್ರದ ಕಥೆಯನ್ನು ನೆನೆಯೋಣ. ದೇವಿಗೆ ಸಾಹಸಿಯಾದ ಯುವಕನೊಬ್ಬನನ್ನು ಬಲಿಯಿತ್ತರೆ ಬೇಡಿದ್ದನ್ನೆಲ್ಲ ಕೊಡುವ ಪ್ರತಿಮೆಯೊಂದು ಮಾಂತ್ರಿಕನಿಗೆ ದೊರೆಯಬೇಕು. ತೋಟಗಾರ್ತಿಯ ಮಗ ರಾಮುಡು ಅವನ ಬಲೆಗೆ ಬೀಳುತ್ತಾನೆ. ಸಕಾಲದಲ್ಲಿ ಸಂಚನ್ನರಿತು ಮಾಂತ್ರಿಕನನ್ನೇ ಬಲಿಯಾಗಿಸಿ ಪ್ರತಿಮೆಯನ್ನು ತಾನು ಪಡೆಯುತ್ತಾನೆ. ಮಧಿರ ಸುಬ್ಬಣ್ಣ ದೀಕ್ಷಿತರ ‘ಕಾಶೀ ಮಜಿಲೀ ಕಥಲು’ ಸಂಗ್ರಹವನ್ನು ಇದರ ಆಕರವೆಂದು ಹೇಳುವುದುಂಟು. ಅಲ್ಲಾದೀನನ ದೀಪದ ನೆರಳೂ ಆ ಪ್ರತಿಮೆಯ ಮೇಲಿದೆ. ಆದರೆ ಬಲಿಗೆ ತಂದವನೇ ಬಲಿಯಾಗುವ ಸಂವಿಧಾನವು ಇವುಗಳಿಗಿಂತ ಬಹಳ ಹಳೆಯದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿ ಬೇತಾಳ ಕಥೆಗಳ ಚೌಕಟ್ಟೇ ಇದು. ಕ್ಷಾಂತಿಶೀಲನೆಂಬ ಭಿಕ್ಷುವು ಅರಸನಿಗೆ ದಿನವೂ ರತ್ನವನ್ನು ಒಡಲಲ್ಲಿ ಅಡಗಿಸಿದ ಹಣ್ಣನ್ನು ತಂದೊಪ್ಪಿಸಿ, ಕೊನೆಗೆ ಶ್ಮಶಾನಕ್ಕೆ ಕರೆಯುತ್ತಾನೆ. ನಮಸ್ಕಾರ ಮಾಡೆಂದಾಗ ಅರಸನು, ಹೇಗೆಂಬುದನ್ನು ನೀವೇ ತೋರಿಸಿರೆಂದು ಹೇಳಿ, ನೆಲಕ್ಕೊರಗಿದ ಭಿಕ್ಷುವಿನ ತಲೆಯನ್ನು ಕಡಿಯುತ್ತಾನೆ. ಭಿಕ್ಷುವು ಬಯಸಿದ್ದ ಸಿದ್ಧಿ ಅರಸನದಾಗುತ್ತದೆ. 1985ರಲ್ಲಿ ದೂರದರ್ಶನದಲ್ಲಿ ಮೂಡಿಬಂದ ‘ವಿಕ್ರಮ್ ಔರ್ ಬೇತಾಳ್’ ಧಾರಾವಾಹಿಯ ಮೂಲಕ ಇದೇ ಚೌಕಟ್ಟು ಮನೆಮನೆಗೆ ಬಂದಿತು.

ಇದಕ್ಕೂ ಹಿಂದೆ, ಎಂಟನೆಯ ಶತಮಾನದ ಭವಭೂತಿಯ ‘ಮಾಲತೀಮಾಧವ’ದಲ್ಲಿ ಅಘೋರಘಂಟನೆಂಬ ಕಾಪಾಲಿಕನು ನಾಯಿಕೆಯನ್ನು ಚಾಮುಂಡೆಗೆ ಬಲಿಗೊಡಲು ಹೊರಡುತ್ತಾನೆ, ನಾಯಕನು ಅವನನ್ನು ಕೊಲ್ಲುತ್ತಾನೆ. ಕ್ರಿ. ಶ. 959ರಲ್ಲಿ ಪೂರ್ಣಗೊಂಡ ‘ಯಶಸ್ತಿಲಕ ಚಂಪು’ವಿನಲ್ಲಿ ಕೌಲಗುರುವೊಬ್ಬನು ಮಾರಿದತ್ತ ರಾಜನಿಗೆ ವಿದ್ಯಾಧರರನ್ನು ಗೆಲ್ಲಬಲ್ಲ ಖಡ್ಗದ ಆಸೆ ತೋರಿಸಿ, ಚಂಡಮಾರಿಗೆ ಸಕಲ ಜೀವಿಗಳ ಜೋಡಿಗಳನ್ನು, ಮನುಷ್ಯರ ಜೋಡಿಯನ್ನೂ ಸೇರಿಸಿ, ಬಲಿಗೊಡಲು ಪ್ರೇರಿಸುತ್ತಾನೆ. ಈ ಕೃತಿಯ ಕರ್ತೃವಾದ ಜೈನಾಚಾರ್ಯ ಸೋಮದೇವಸೂರಿಯು ಕಾಶ್ಮೀರದ ಸೋಮದೇವನಲ್ಲ. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ಮನೆತನದ ಆಳ್ವಿಕೆಯಲ್ಲಿ, ಇಂದಿನ ತೆಲಂಗಾಣದ ವೇಮುಲವಾಡದ ಪರಿಸರದಲ್ಲಿ ಇದ್ದವನು. ಇದೇ ಯಶೋಧರನ ಕಥೆಯನ್ನು ಜನ್ನನು 1209ರಲ್ಲಿ ಕನ್ನಡಿಸಿದನು. ಜನ್ನನ ಒತ್ತು ಸಂಕಲ್ಪದ ಮೇಲಿದೆ: ಹಿಟ್ಟಿನ ಕೋಳಿಯನ್ನು ಕಡಿದರೂ ಅದು ಹಿಂಸೆಯೇ, ಜನ್ಮಜನ್ಮಗಳಲ್ಲಿ ಅದರ ಫಲ ತಪ್ಪದು.

ಮೇಲೆ ಹೇಳಿದ ಕೃತಿಕಾರರಲ್ಲಿ ಕಾಪಾಲಿಕನಾಗಲಿ ಕೌಲನಾಗಲಿ ಒಬ್ಬನೂ ಇಲ್ಲ. ಕಾಪಾಲಿಕರ ಬಗೆಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರ ವಿರೋಧಿಗಳ ಮಾತಿನಿಂದ ತಿಳಿದದ್ದು. ಡೇವಿಡ್ ಲೊರೆನ್‌ಜೆನ್ ಅವರು 1972ರ ತಮ್ಮ ಗ್ರಂಥದಲ್ಲಿ ಈ ಸಂಗತಿಯನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಪ್ರತಿವಾದಿಯ ಹೇಳಿಕೆಯಿಲ್ಲದ ಮೊಕದ್ದಮೆಯಂತೆ ಇದು. ತೀರ್ಪು ಮಾತ್ರ ಸಾವಿರ ವರ್ಷ ಜಾರಿಯಲ್ಲಿದೆ.

ಆದರೂ ಗ್ರಂಥಕ್ಕೂ ತೆರೆಗೂ ಒಂದು ಮುಖ್ಯ ವ್ಯತ್ಯಾಸವುಂಟು. ಜೈನಕವಿಗೆ ಬಲಿಯ ವಿಧಿಯೇ ಸುಳ್ಳು. ಕೌಲನು ತೋರಿಸಿದ ಖಡ್ಗ ಬರಿಯ ಆಮಿಷ. ಚಿತ್ರದಲ್ಲಾದರೋ ವಿಧಿ ಫಲಿಸುತ್ತದೆ: ಬಲಿ ಸಲ್ಲುತ್ತದೆ, ದೇವಿ ಪ್ರತ್ಯಕ್ಷಳಾಗುತ್ತಾಳೆ, ಪ್ರತಿಮೆ ದೊರೆಯುತ್ತದೆ. ಹಾಗಾಗಿ ಚಿತ್ರವು ದೇವಿಯ ಪಕ್ಷ ವಹಿಸಿ ಅವಳ ಉಪಾಸಕನನ್ನು ಮಾತ್ರ ಖಂಡಿಸುತ್ತದೆ. ತಪ್ಪು ವಿಧಿಯದಲ್ಲ, ಅದನ್ನು ನಡೆಸುವವನ ಕುಲಗೋತ್ರದ್ದು ಎಂಬಂತಾಗುತ್ತದೆ. ಅವನು ನೇಪಾಳದಿಂದ ಬಂದವನೆಂಬುದೂ ಆಕಸ್ಮಿಕವಲ್ಲ. ನಮ್ಮ ಆಡುಮಾತಿನ ‘ಮಲೆಯಾಳದ ಮಾಂತ್ರಿಕ’ನ ಹಾಗೆ, ಮಂತ್ರವಾದಿ ಯಾವಾಗಲೂ ಪಕ್ಕದ ನಾಡಿನವನು. ಹೊರನಾಡಿನಲ್ಲಿ ಬಾಳುವ ನಮಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ.

ಈ ಪ್ರತ್ಯಕ್ಷತೆಯನ್ನು ಒದಗಿಸಿದ್ದು ಕ್ಯಾಮೆರಾ. ಚಿತ್ರಣವನ್ನು ನಡುವೆ ನಿಲ್ಲಿಸಿ, ವಸ್ತುವನ್ನು ಬದಲಿಸಿ, ಮತ್ತೆ ಮುಂದುವರಿಸುವ ಉಪಾಯವನ್ನು 1896ರಿಂದ ಫ್ರಾನ್ಸಿನ ಜಾರ್ಜ್ ಮೆಲಿಯೆ ಜಾದೂವಿಗೆ ಬಳಸಿದನು. ಅದಕ್ಕೆ ಒಂದು ವರ್ಷ ಮೊದಲೇ ಅಮೆರಿಕದ ಎಡಿಸನ್ ಸಂಸ್ಥೆಯು ಅದೇ ಉಪಾಯದಿಂದ ಸ್ಕಾಟ್ಲೆಂಡಿನ ರಾಣಿ ಮೇರಿಯ ಶಿರಚ್ಛೇದವನ್ನು ಚಿತ್ರಿಸಿತ್ತು. ನಟನನ್ನು ಸರಿಸಿ ಬೊಂಬೆಯನ್ನಿಟ್ಟು ತಲೆ ಹಾರಿಸಲಾಯಿತು. ತಂತ್ರಚಿತ್ರಣದ ಆರಂಭದಲ್ಲಿಯೇ ತಲೆ ಕಡಿಯುವ ದೃಶ್ಯವಿರುವುದು ಕುತೂಹಲಕರ. ಕಾವ್ಯದಲ್ಲಿ ಕಾಪಾಲಿಕನ ಮೇಲೆ ಹೊರಿಸಿದ್ದು ಆರೋಪ. ತೆರೆಯ ಮೇಲೆ ಅದನ್ನೇ ಪ್ರೇಕ್ಷಕನು ಕಣ್ಣಾರೆ ಕಂಡನು.

ಈ ಬಗೆಯ ಚಿತ್ರಗಳನ್ನು ಬೆಳೆಸಿದವರಲ್ಲಿ ಒಬ್ಬರು ಕನ್ನಡ ನಾಡಿನವರು. ಉಡುಪಿ ಸೀಮೆಯ ಬಿ. ವಿಠಲಾಚಾರ್ಯರು ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸು ನಡೆಸಿ, ಡಿ. ಶಂಕರಸಿಂಗರೊಡನೆ ಮೈಸೂರಿನ ಮಹಾತ್ಮಾ ಪಿಕ್ಚರ್ಸ್ ಕಟ್ಟಿ, ಅನಂತರ ಮದರಾಸಿಗೆ ತೆರಳಿದರು. 1963ರ ಕನ್ನಡದ ‘ವೀರಕೇಸರಿ’ ಅವರದೇ. ತೆಲುಗರು ಅವರನ್ನು ‘ಜಾನಪದ ಬ್ರಹ್ಮ’ ಎಂದು ಕರೆದರು. ಮಿತವ್ಯಯಕ್ಕೂ ಅವರು ಹೆಸರಾದವರು. ಸಕಾಲಕ್ಕೆ ಬಾರದ ನಟನ ಪಾತ್ರವನ್ನು ಶಾಪಕ್ಕೆ ಗುರಿಮಾಡಿ ಪ್ರಾಣಿಯಾಗಿಸಿಬಿಡುತ್ತಿದ್ದರೆಂಬ ವಿನೋದದ ಮಾತು ಚಿತ್ರರಂಗದಲ್ಲಿ ಪ್ರಚಲಿತವಾಗಿತ್ತು. 1978ರ ಅವರ ತೆಲುಗು ‘ಜಗನ್ಮೋಹಿನಿ’ಯ ಹೊತ್ತಿಗೆ ದೆವ್ವ, ಮಂತ್ರಗಳು ಭಯಕ್ಕಿಂತ ಕೌತುಕದ ವಸ್ತುವಾಗಿದ್ದವು. ಮಾಂತ್ರಿಕನ ವೇಷ ಮಾತ್ರ ಹೆಚ್ಚು ಬದಲಾಗಲಿಲ್ಲ.

ಕಾಪಾಲಿಕರೊಡನೆ ಹಲವು ಗ್ರಂಥಗಳು ಬೆರೆಸಿಬಿಟ್ಟ ಇನ್ನೊಂದು ಶೈವಪಂಥ ಕಾಳಾಮುಖರದು. ಎರಡೂ ಬೇರೆಯೆಂಬುದನ್ನು ಮರೆಯಬಾರದು. ಆದರೆ ಕಾಳಾಮುಖರ ಮಟ್ಟಿಗೆ ಅವರ ಪಕ್ಷದ ಸಾಕ್ಷ್ಯ ಕಲ್ಲಿನ ಮೇಲೆ ಉಳಿದಿದೆ. ಬಳ್ಳಿಗಾವೆಯ ಕೇದಾರೇಶ್ವರ ದೇಗುಲದ 1162ರ ಶಾಸನವು ಅವರ ಕೋಡಿಯ ಮಠವನ್ನು ವರ್ಣಿಸುತ್ತದೆ. ಅಲ್ಲಿ ಗುಹೆಯಿಲ್ಲ, ನರಬಲಿಯಿಲ್ಲ. ನಾಲ್ಕು ವೇದಗಳ ಅಧ್ಯಯನವುಂಟು, ಹಲವು ವ್ಯಾಕರಣಗಳ ಪಾಠವುಂಟು, ಬೌದ್ಧವನ್ನೂ ಒಳಗೊಂಡ ದರ್ಶನಗಳ ವಿಚಾರವುಂಟು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿತ್ತು. ಅನ್ನವನ್ನು ಪಡೆಯುವವರ ಪಟ್ಟಿಯಲ್ಲಿ ದೀನರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು ಬರುತ್ತಾರೆ. ಅವರೊಡನೆ ಕ್ಷಪಣಕರೂ, ಎಂದರೆ ಸೋಮದೇವಸೂರಿಯ ಬಳಗದ ಜೈನ ಭಿಕ್ಷುಗಳೂ ಬರುತ್ತಾರೆ.