ಹಾಲಿನ ಋಣ, ಜೋಳದ ಋಣ

ಸಂಘದ ವಾರ್ಷಿಕೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಕೊಡಿ ಎಂದು ಸಂಪಾದಕ ಮಿತ್ರರು ಕೇಳಿದಾಗ, ವೈದ್ಯರಾದ ನಾವು ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗ್ಗೆ ನಾಲ್ಕು ಹಿತವಚನ ಬರೆದುಕೊಡುತ್ತೇವೆಂದು ಅವರು ಎಣಿಸಿರಬೇಕು. ಆ ಮಾತುಗಳನ್ನು ದಿನವೂ ಕ್ಲಿನಿಕ್ಕಿನಲ್ಲಿ ಹೇಳಿ ಹೇಳಿ ನಮಗೇ ಬೇಸರ ಬಂದಿದೆ. ಅದರ ಬದಲು, ಅಮೆರಿಕದ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ದಿನದಿಂದ ನಮ್ಮನ್ನು ಬಿಡದೆ ಕಾಡುತ್ತಿರುವ ಒಬ್ಬನ ವಿಷಯ ಬರೆಯುತ್ತಿದ್ದೇವೆ. ಅವನು ಕರ್ಣ.

ಆ ದಿನ ಸಭಾಂಗಣದಲ್ಲಿ ಬಲಗೈ ಎತ್ತಿ ನಿಂತು, ಹಿಂದಿನ ದೇಶದ ಮೇಲಿನ ನಿಷ್ಠೆಯನ್ನು ಪೂರ್ತಿಯಾಗಿ ತ್ಯಜಿಸಿದ್ದೇವೆ, ಕಾನೂನು ಕರೆದರೆ ಈ ದೇಶದ ಪರವಾಗಿ ಆಯುಧ ಹಿಡಿಯುತ್ತೇವೆ ಎಂದು ಇತರರ ಜೊತೆ ದನಿಗೂಡಿಸಿದೆವು. ಮೇಜಿನ ಮೇಲೆ ಕಾಫಿ, ಕೇಕು ಇತ್ತು. ಮಕ್ಕಳು ಪುಟ್ಟ ಬಾವುಟ ಬೀಸಿದರು. ರಾತ್ರಿ ಶಿವಮೊಗ್ಗಕ್ಕೆ ಫೋನ್ ಮಾಡಿದಾಗ ಅಮ್ಮ ನಗುತ್ತಲೇ ಕೇಳಿದರು: "ಹಾಗಾದ್ರೆ ನೀವೆಲ್ಲ ಈಗ ಯಾರ ಕಡೆಯವರಪ್ಪಾ?"

ತಮಾಷೆಗೆ ಕೇಳಿದ ಮಾತು. ಆದರೆ ಅಮ್ಮ ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕ ಕೇಳಿ ಬೆಳೆದವರು. ಈ ಪ್ರಶ್ನೆ ಮೊದಲು ಯಾರಿಗೆ ಬಂತೆಂಬುದು ಅವರಿಗೆ ಗೊತ್ತು.

ವ್ಯಾಸರ ಉದ್ಯೋಗಪರ್ವದಲ್ಲಿ ಸಂಧಿ ಮುರಿದುಬಿದ್ದು ಹಸ್ತಿನಾವತಿಯಿಂದ ಹೊರಟ ಕೃಷ್ಣ ಕರ್ಣನನ್ನು ತನ್ನ ರಥಕ್ಕೆ ಹತ್ತಿಸಿಕೊಳ್ಳುತ್ತಾನೆ. ನೀನು ಕುಂತಿಯ ಚೊಚ್ಚಲ ಮಗ, ರಾಜ್ಯ ನಿನ್ನದು, ಐವರು ತಮ್ಮಂದಿರು ನಿನ್ನ ಕಾಲು ಹಿಡಿಯುತ್ತಾರೆ, ಧರ್ಮರಾಜ ನಿನಗೆ ಚಾಮರ ಬೀಸುತ್ತಾನೆ, ದ್ರೌಪದಿಯೂ ನಿನ್ನವಳಾಗುತ್ತಾಳೆ ಎಂದು ಆಸೆ ತೋರಿಸುತ್ತಾನೆ. ಕರ್ಣನ ಉತ್ತರದಲ್ಲಿ ಸಿಂಹಾಸನದ ಮಾತು ಮೊದಲು ಬರುವುದಿಲ್ಲ. ಬರುವುದು ಸೂತನ ಮನೆ. ಅಧಿರಥ ತನ್ನನ್ನು ಎತ್ತಿ ತಂದಾಗ ರಾಧೆಯ ಎದೆಯಲ್ಲಿ ಹಾಲುಕ್ಕಿದ್ದು, ಅವಳು ತನ್ನ ಮಲಮೂತ್ರ ಬಳಿದದ್ದು, ಅವರು ಹೆಸರಿಟ್ಟು ಮದುವೆ ಮಾಡಿಸಿದ್ದು, ಆ ಸೊಸೆಯರಿಂದ ಮಕ್ಕಳು ಮೊಮ್ಮಕ್ಕಳಾದದ್ದು. ಆಮೇಲೆ ದುರ್ಯೋಧನನ ನೆರಳಿನಲ್ಲಿ ಹದಿಮೂರು ವರ್ಷ ರಾಜ್ಯಸುಖ ಉಂಡದ್ದು. ಹೆತ್ತವಳು ನೀರಿಗೆ ಬಿಟ್ಟ ಕೂಸಿಗೆ ಹಾಲೂಡಿದವಳನ್ನು ಈಗ ತಾಯಿಯಲ್ಲ ಎನ್ನುವುದು ಹೇಗೆ?

ಇಷ್ಟೇ ಆಗಿದ್ದರೆ ಕರ್ಣನ ಕಥೆ ಸುಲಭವಾಗುತ್ತಿತ್ತು. ಕಷ್ಟವಿರುವುದು ಮುಂದಿನ ಮಾತಿನಲ್ಲಿ. ತನ್ನ ಪಕ್ಷ ಸೋಲುತ್ತದೆಂದು ಅವನಿಗೆ ಗೊತ್ತು. ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟುನುಡಿಗಳಿಗಾಗಿ ಈಗ ಬೇಯುತ್ತಿದ್ದೇನೆಂದು ಅವನೇ ಒಪ್ಪಿಕೊಳ್ಳುತ್ತಾನೆ. ದ್ಯೂತಸಭೆಯಲ್ಲಿ ದ್ರೌಪದಿಯನ್ನು ಹೀನ ಮಾತಿನಿಂದ ಕರೆದು, ಸೀರೆ ಸೆಳೆಯೆಂದು ಹೇಳಿದವನೂ ಇದೇ ಕರ್ಣ. ಕ್ಯಾಲೆಂಡರಿನ ದಾನಶೂರನನ್ನು ಮಾತ್ರ ಬಲ್ಲ ನಮಗೆ ಇದು ಮರೆತುಹೋಗುತ್ತದೆ. ಮಕ್ಕಳಿಗೆ ಕಥೆ ಹೇಳುವಾಗ ನಾವೂ ಈ ಭಾಗವನ್ನು ಹಾರಿಸಿದ್ದುಂಟು. ಅದು ತಪ್ಪೆಂದು ಈಗ ಅನ್ನಿಸುತ್ತದೆ. ತಪ್ಪು ಮಾಡಿದವನು ಆ ತಪ್ಪು ಗೊತ್ತಿದ್ದೂ ತಾನಿದ್ದ ಕಡೆಯೇ ನಿಂತ ಎಂಬುದರಲ್ಲಿ ಅವನ ಸಂಕಟವಿದೆ.

ಕರ್ಣ ಕನ್ನಡಕ್ಕೆ ಬಂದದ್ದು ಕ್ರಿ.ಶ. 941ರ ಸುಮಾರಿಗೆ, ಪಂಪನ ವಿಕ್ರಮಾರ್ಜುನ ವಿಜಯದಲ್ಲಿ. ಪಂಪನಿಗೇ ಒಂದು ಇಕ್ಕಟ್ಟಿತ್ತು. ಅವನ ಆಶ್ರಯದಾತ ವೇಮುಲವಾಡದ ಚಾಲುಕ್ಯ ಅರಿಕೇಸರಿ. ರಾಷ್ಟ್ರಕೂಟರ ಆ ಸಾಮಂತನನ್ನೇ ಅರ್ಜುನನೆಂದು ಭಾವಿಸಿ ಕಾವ್ಯ ಕಟ್ಟಬೇಕು. ಅದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಅನ್ನದಾತ ಅರ್ಜುನನಾದ ಮೇಲೆ ಅರ್ಜುನನ ಕೈಯಲ್ಲಿ ಸಾಯುವವನನ್ನು ಕೀಳಾಗಿ ಚಿತ್ರಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಪಂಪ, ಭಾರತದಲ್ಲಿ ಒಬ್ಬನನ್ನು ಮನಸ್ಸಿಟ್ಟು ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕು ಎಂಬ ಮಾತನ್ನು ಆ ಅರಸನ ಕಾವ್ಯದೊಳಗೇ ಇಟ್ಟುಬಿಟ್ಟ. ಉಂಡ ಮನೆಗೆ ಎರಡು ಬಗೆಯದೆ, ತನ್ನ ಮನಸ್ಸಿಗೂ ಎರಡು ಬಗೆಯದೆ ಬರೆದ ಎನ್ನಬೇಕು.

ಪಂಪನ ಕರ್ಣ ಕೃಷ್ಣನಿಗೆ ಕೊಡುವ ಉತ್ತರದಲ್ಲಿ ನೆತ್ತದಾಟದ ಒಂದು ಪ್ರಸಂಗ ಬರುತ್ತದೆ. ದುರ್ಯೋಧನನ ರಾಣಿ ಭಾನುಮತಿ ಆಟದಲ್ಲಿ ಸೋಲುತ್ತಾಳೆ. ಪಣ ಕೊಡೆಂದು ಕಾಡುವಾಗ ಅವಳ ಮುತ್ತಿನ ಹಾರ ಹರಿದು ಮುತ್ತುಗಳು ಚೆಲ್ಲಾಡುತ್ತವೆ. ಅರಸ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ಇವನ್ನು ಆಯ್ದುಕೊಡಲೇ ಎನ್ನುತ್ತಾನೆ. ಆಡುತ್ತಿದ್ದವನು ಕರ್ಣನೋ, ದುರ್ಯೋಧನನೋ ಎಂದು ನಮ್ಮ ವಿದ್ವಾಂಸರು ಈ ಒಂದು ಪದ್ಯದ ಮೇಲೆ ಪುಟಗಟ್ಟಲೆ ವಾದ ಮಾಡಿದ್ದಾರೆ. ಯಾರೇ ಆಡಿರಲಿ, ಕರ್ಣ ಹೇಳುವುದು ಇಷ್ಟು: ಅಂಥ ನಂಬಿಕೆಯಿಟ್ಟ ಅರಸನನ್ನು ಎಸೆದು ನಿಮ್ಮೊಡನೆ ಸೇರಿದರೆ ನನಗಿಂತ ಕೀಳಾದವನು ಬೇರೆ ಯಾರು? ವ್ಯಾಸರ ಕರ್ಣನಿಗೆ ಹಾಲು ನೆನಪಾದರೆ ಪಂಪನ ಕರ್ಣನಿಗೆ ಈ ಮುತ್ತುಗಳು ನೆನಪಾಗುತ್ತವೆ.

ಆ ಕಾಲದ ಕನ್ನಡನಾಡಿನಲ್ಲಿ ಇದಕ್ಕೆ ಒಂದು ಹೆಸರೇ ಇತ್ತು, 'ಜೋಳದ ಪಾಳಿ'. ಒಡೆಯನ ಜೋಳ ತಿಂದವನು ಸಮಯ ಬಂದಾಗ ಪ್ರಾಣ ಕೊಟ್ಟು ಆ ಋಣ ತೀರಿಸಬೇಕೆಂಬ ಕಟ್ಟು. ಕತ್ತಿ ಹಿಡಿದೂ ಬಲ್ಲವನಾದ ಪಂಪನಿಗೆ ಇದು ಪುಸ್ತಕದ ಮಾತಾಗಿರಲಿಲ್ಲ. ಅವನ ಕಾವ್ಯದ ಎಂಟು ಹತ್ತು ವರ್ಷಗಳೊಳಗೆ, ತಕ್ಕೋಲದ ಯುದ್ಧದ ನಂತರ ನಿಲ್ಲಿಸಿದ ಮಂಡ್ಯ ಸೀಮೆಯ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೋಳರ ವಿರುದ್ಧ ಕಾದಿದ ಮಣಲೆರನ ಶೌರ್ಯಕ್ಕೆ ಮೆಚ್ಚಿದ ಅರಸ, ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು! ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೇ ಆ ಕಲ್ಲು, ಅದರ ಪೂಜೆಗೆ ಭೂಮಿ. ಬೆಂಗಳೂರಿಗೆ ಹೋದಾಗ ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಿ. ಅವರಿಗೆ ಖಂಡಿತ ಹಿಡಿಸುತ್ತದೆ.

ಹಳೇಬೀಡಿನ ಕಂಬ ಮಾತ್ರ ಹಾಗಲ್ಲ. 1220ರಲ್ಲಿ ಹೊಯ್ಸಳ ವೀರಬಲ್ಲಾಳ ತೀರಿಕೊಂಡಾಗ ಅವನ ಗರುಡನಾದ ಕುವರ ಲಕ್ಷ್ಮ, ಮಡದಿ ಸುಗ್ಗಲದೇವಿ ಮತ್ತು ಜೊತೆಯ ವೀರರು ಪ್ರಾಣ ಬಿಟ್ಟದ್ದನ್ನು ಹೊಯ್ಸಳೇಶ್ವರ ದೇವಾಲಯದ ಬಳಿಯ ಆ ಕಂಬ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುವ ಗಂಡಸರ ಶಿಲ್ಪ ಅದರ ಮೇಲಿದೆ. ಗೈಡ್ ಮಹಾಶಯರು ಹೆಮ್ಮೆಯಿಂದ ವಿವರಿಸುತ್ತಿದ್ದರು. ನಮಗೆ ಹೆಮ್ಮೆ ಬರಲಿಲ್ಲ, ಹೊಟ್ಟೆ ತೊಳಸಿತು. ಜೀವ ಉಳಿಸುವ ವೃತ್ತಿಯವರಿಗೆ ಹಾಗಾಗುವುದು ಸಹಜವೇನೋ. ಋಣ ತೀರಿಸುವುದಕ್ಕೂ ಒಂದು ಎಲ್ಲೆ ಬೇಡವೇ? ಕರ್ಣನಿಗೆ ಈ ಪ್ರಶ್ನೆ ಬಂದಿತ್ತು, ಕುವರ ಲಕ್ಷ್ಮನ ಕಂಬದಲ್ಲಿ ಅದರ ಸುಳಿವಿಲ್ಲ.

ಅಮ್ಮ ಕೇಳಿ ಬೆಳೆದ ಗದುಗಿನ ಕುಮಾರವ್ಯಾಸನಲ್ಲಿ ಕೃಷ್ಣನ ಮಾತು ಕಿವಿಗೆ ಬಿದ್ದೊಡನೆ ಕರ್ಣನ ಕೊರಳಿನ ನರಗಳು ಉಬ್ಬುತ್ತವೆ, ಕಣ್ಣೀರು ನುಗ್ಗಿ ಬರುತ್ತದೆ. ರೆಸಿಡೆನ್ಸಿಯ ದಿನಗಳಲ್ಲಿ, ನಡುರಾತ್ರಿ ಐಸಿಯು ಹೊರಗಡೆ ಕಾದಿರುವ ಮನೆಯವರಿಗೆ ಕೆಟ್ಟ ಸುದ್ದಿ ಹೇಳಬೇಕಾಗಿ ಬಂದಾಗ ನಾವು ನೋಡಿದ್ದು ಇದನ್ನೇ. ಮಾತು ಹೊರಡುವುದಿಲ್ಲ, ಮೊದಲು ಕೊರಳು ಬಿಗಿಯುತ್ತದೆ. ಕವಿ ಎಲ್ಲಿ ನೋಡಿದ್ದನೋ! ಆ ಕ್ಷಣ ಕರ್ಣನ ಮನಸ್ಸಿಗೆ ಬರುವುದು ತನಗೆ ದಕ್ಕಬೇಕಾದ ರಾಜ್ಯವಲ್ಲ, ಅಯ್ಯೋ ಕುರುಪತಿಗೆ ಕೇಡಾಯಿತಲ್ಲ ಎಂಬ ಯೋಚನೆ. ತಮ್ಮಂದಿರೆಂದು ತಿಳಿದ ಮೇಲೆ ಅವರ ಮೇಲೆ ಬಾಣ ಬಿಡುವ ಕೈಗೆ ಮೊದಲಿನ ಬಲ ಇರುವುದಿಲ್ಲ. ಕೃಷ್ಣ ಆಸೆ ತೋರಿಸಿ ಗೆಲ್ಲಲಿಲ್ಲ, ನಿಜ ಹೇಳಿಯೇ ಗೆದ್ದ.

ಮುಧೋಳದ ಬಳೆಗಾರರ ಮನೆಯ ಮಗ ರನ್ನನ ಗದಾಯುದ್ಧವನ್ನು ನಾವು ಈಚೆಗೆ ಮತ್ತೆ ಓದಿದೆವು. ಅವನ ಅರಸ ಸತ್ಯಾಶ್ರಯ ಕಾವ್ಯದಲ್ಲಿ ಭೀಮ; ಆದರೂ ಓದುಗರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾ ಅವನು ಕರ್ಣನ ದೇಹದ ಮುಂದೆ ನಿಲ್ಲುತ್ತಾನೆ. ಅಳುತ್ತಾ ಅವನು ಆಡುವ ಮಾತು ಬೆಚ್ಚಿಬೀಳಿಸುತ್ತದೆ: ನೀನು ಯಾರ ಮಗನೆಂಬುದು ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ, ಸೂರ್ಯನಿಗೆ, ದಿವ್ಯಜ್ಞಾನಿ ಸಹದೇವನಿಗೆ ಗೊತ್ತು, ಬೇರೆ ಯಾರೂ ಅರಿಯರು ಎಂದು. ಅಂದರೆ ರನ್ನನ ದುರ್ಯೋಧನ ಎಲ್ಲ ತಿಳಿದೂ ಗೆಳೆಯನನ್ನು ಸ್ವಂತ ತಮ್ಮಂದಿರ ಎದುರಿಗೆ ನಿಲ್ಲಿಸಿದ್ದ! ಅದು ನಂಬಿಕೆಯೋ, ಸ್ವಾರ್ಥವೋ? ಕೇಳಲು ಕರ್ಣ ಬದುಕಿರಲಿಲ್ಲ.

ಕಳೆದ ಭಾನುವಾರ ಅಮ್ಮನಿಗೆ ಈ ಪ್ರಸಂಗ ಫೋನಿನಲ್ಲಿ ಓದಿ ಹೇಳಿದೆವು. ರನ್ನನನ್ನು ಅವರು ಓದಿದವರಲ್ಲ. ಗೊತ್ತಿದ್ದವರ ಹೆಸರುಗಳನ್ನು ಇನ್ನೊಮ್ಮೆ ಹೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಎಲ್ಲರ ಹೆಸರೂ ಇದೆ. ರಾಧೆಗೆ ಯಾರೂ ಹೇಳಲೇ ಇಲ್ವಾ?"