ಆಸ್ಪತ್ರೆಯಿಂದ ಅಂಗಳಕ್ಕೆ: ಮನೋರೋಗಿಗಳಿಗೆ ಹೆಗಲು ಕೊಟ್ಟವರು

ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗದ ಹಳ್ಳಿಗಳಲ್ಲಿ ಮನೆಮಂದಿಯೊಬ್ಬರ ಮನಸ್ಸು ಕೆಟ್ಟರೆ ಧಾರವಾಡದ ದಾರಿ ಹಿಡಿಯುತ್ತಾರೆ, ಇಲ್ಲವೇ ಗಡಿ ದಾಟಿ ಮಿರಜ, ಸಾಂಗಲಿಗೆ ಹೋಗುತ್ತಾರೆ. ಬಸ್ ಚಾರ್ಜಿನ ಜೊತೆಗೆ ಆ ದಿನದ ಕೂಲಿಯೂ ಹೋಗುತ್ತದೆ. ಗುಳಿಗೆ ನುಂಗಿಸುವವರು, ರಾತ್ರಿ ಎಚ್ಚರವಿರುವವರು ಮನೆಯವರೇ. ಅವರ ಭಾರವನ್ನು ಯಾರು ಹಂಚಿಕೊಳ್ಳಬೇಕು? ನಮ್ಮ ನಾಡಿನ ಮಾನಸಿಕ ಆರೋಗ್ಯ ಸೇವಾಸಂಸ್ಥೆಗಳು ಬೆಳೆದದ್ದು ಈ ಪ್ರಶ್ನೆಯ ಬೆನ್ನು ಹತ್ತಿ.

ಬ್ರಿಟಿಷರ ಕಾಲದ ಧಾರವಾಡದ ಹುಚ್ಚಾಸ್ಪತ್ರೆಯಲ್ಲಿ (ಇಂದಿನ ಡಿಮ್ಹಾನ್ಸ್) ರೋಗಿ ಗೋಡೆಯೊಳಗೆ, ಮನೆಯವರು ಹೊರಗೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಮನೆಯವರನ್ನೂ ಅಲ್ಲಿನ ಆವರಣದ ಡೇರೆಗಳಲ್ಲಿ ಉಳಿಸಿಕೊಂಡರು. ಆರೈಕೆಯಲ್ಲಿ ಕುಟುಂಬಕ್ಕೆ ಪಾಲು ಸಿಕ್ಕಿತು. 1964ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೆಡಿಕೋ ಪಾಸ್ಟೋರಲ್ ಅಸೋಸಿಯೇಷನ್, ಆಸ್ಪತ್ರೆಗೂ ಮನೆಗೂ ನಡುವಣ ತಂಗುಮನೆಯನ್ನು ಕಟ್ಟಿತು. 1986ರಲ್ಲಿ ಶುರುವಾದ ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಇಂಥ ಮನೆಗಳ ಜೊತೆಗೆ ಅಲ್ಲಿ ದುಡಿಯುವವರಿಗೆ ತರಬೇತಿಯನ್ನೂ ಕೊಟ್ಟಿತು. 1990ರ ದಶಕದಲ್ಲಿ ನಿರ್ಮಲಾ ಶ್ರೀನಿವಾಸನ್ ಅವರ ಮುಂದಾಳುತನದ ‘ಆಮೆಂಡ್’ನಲ್ಲಿ ರೋಗಿಗಳ ಬಂಧುಗಳೇ ಸಂಘಟಿತರಾಗಿ ಹಕ್ಕು ಕೇಳತೊಡಗಿದರು.

ಕರ್ನಾಟಕದಲ್ಲಿ ಹಳ್ಳಿಯ ಕಡೆ ಮೊದಲು ಹೆಜ್ಜೆ ಇಟ್ಟದ್ದು ಬೆಂಗಳೂರಿನ ನಿಮ್ಹಾನ್ಸ್: 1970ರ ದಶಕದಲ್ಲಿ ನಗರದ ಹತ್ತಿರದ ಸಕಲವಾರ, 1985ರಿಂದ ಬಳ್ಳಾರಿ ಜಿಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಮನೋರೋಗವನ್ನು ಗುರುತಿಸಿ ಔಷಧ ಕೊಡಬಲ್ಲರೆಂದು ಬಳ್ಳಾರಿ ತೋರಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಮುಂದೆ ಬೇಸಿಕ್‌ನೀಡ್ಸ್ ಇಂಡಿಯಾ, ಊರಲ್ಲಿ ಆಗಲೇ ಅಂಗವಿಕಲರ ನಡುವೆ ದುಡಿಯುತ್ತಿದ್ದ ಸಂಸ್ಥೆಗಳ ಕೈಗೇ ಈ ಕೆಲಸವನ್ನೂ ಕೊಟ್ಟಿತು. 2016ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿ ನಟಿ ದೀಪಿಕಾ ಪಡುಕೋಣೆಯವರ ಪ್ರತಿಷ್ಠಾನ ಮತ್ತು ಅಂಗವಿಕಲರಿಗಾಗಿ ದುಡಿಯುವ ಎಪಿಡಿ ಸಂಸ್ಥೆ ಇದೇ ಕೆಲಸಕ್ಕೆ ಜೊತೆಗೂಡಿದವು.

ಇಂಥ ಸಂಸ್ಥೆಗಳ ಜೀವಾಳ ಕ್ಷೇತ್ರ ಕಾರ್ಯಕರ್ತೆ. ಮನೆ ಬಾಗಿಲಲ್ಲಿ ಕೂತು ಆಕೆ ಕೇಳುವುದು ಸಣ್ಣ ಪ್ರಶ್ನೆಗಳನ್ನೇ: ‘ಗುಳಿಗಿ ತಪ್ಪಿಸ್ಯಾನೇನ್ರಿ? ನಿದ್ದಿ ಹತ್ತತೈತೇನು? ಹೊಲಕ್ಕ ಹೊಂಟಾನೋ ಇಲ್ಲೋ?’ ಉತ್ತರಗಳು ವಹಿಗೆ ಏರುತ್ತವೆ. ಗುಳಿಗೆ ಬಿಟ್ಟವನ ಮನೆಗೆ ಆಕೆ ಮತ್ತೆ ಹೋಗುತ್ತಾಳೆ. ಅಂಗವಿಕಲರ ಪಿಂಚಣಿಯ ಕಾಗದಪತ್ರಕ್ಕೂ ಆಕೆಯೇ ಓಡಾಡಬೇಕು.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಚಿಕಿತ್ಸೆಯನ್ನು ಹಕ್ಕಾಗಿಸಿತು. 2022ರಿಂದ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಸಹಾಯವಾಣಿ ಟೆಲಿಮಾನಸ್ ಸಿಗುತ್ತದೆ. ಆದರೆ ಫೋನು ಗುಳಿಗೆ ನುಂಗಿಸುವುದಿಲ್ಲ. ದಾನಿಗಳ ಹಣ ಎರಡು–ಮೂರು ವರ್ಷದ ಯೋಜನೆಗೆ ಬರುತ್ತದೆ, ಸ್ಕಿಜೋಫ್ರೀನಿಯಾ ಹತ್ತಾರು ವರ್ಷ ಕಾಡುತ್ತದೆ. ಅನುದಾನ ನಿಂತರೆ ಕಾರ್ಯಕರ್ತೆಯೂ ಇಲ್ಲ.

ಸಕ್ಕರೆ ಕಾರ್ಖಾನೆಗಳು, ಸಹಕಾರಿ ಸಂಘಗಳು, ದಾಸೋಹದ ಮಠಗಳಿರುವ ನಾಡು ನಮ್ಮ ಅಥಣಿ ಸೀಮೆ. 2019ರ ಕೃಷ್ಣೆಯ ನೆರೆಯಲ್ಲಿ ಮನೆ ಕಳಕೊಂಡವರಿಗೆ ಅನ್ನ ಬಟ್ಟೆ ಕೊಟ್ಟ ಕೈಗಳು ಇಲ್ಲೇ ಇವೆ. ಕಟ್ಟಡಕ್ಕೆ ಕೊಡುವ ದೇಣಿಗೆಯಲ್ಲಿ ಒಂದು ಪಾಲನ್ನು ತಾಲೂಕಿಗೊಬ್ಬ ಕಾರ್ಯಕರ್ತೆಯ ಕಾಯಂ ಸಂಬಳಕ್ಕೆ ತೆಗೆದಿಟ್ಟರೆ, ಇಷ್ಟು ದಿನ ಒಬ್ಬಳೇ ಭಾರ ಹೊತ್ತ ತಾಯಿಗೆ ಜೊತೆ ಸಿಗುತ್ತದೆ.