ತುಂತುಣಿ: ಜೇಜುರಿಯ ಒಂಟಿ ತಂತಿಯ ವಾದ್ಯ

ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪುರಂದರ ತಾಲ್ಲೂಕಿನ ಗುಡ್ಡದ ಮೇಲಿರುವ ಜೇಜುರಿಯ ಖಂಡೋಬಾ ದೇವಾಲಯದ ಚರಿತ್ರೆಯಲ್ಲಿ ಹೋಳ್ಕರ್ ಮನೆತನದವರು 18ನೆಯ ಶತಮಾನದಲ್ಲಿ ನಡೆಸಿದ ನಿರ್ಮಾಣಗಳಿಗೆ, ಅಲ್ಲಿನ ಕೋಟೆ, ಕಮಾನು, ದೀಪಮಾಲೆಗಳಿಗೆ ದೊಡ್ಡ ಸ್ಥಾನವಿದೆ. ಅದೇ ಗುಡ್ಡದ ಮೆಟ್ಟಿಲುಗಳ ಮೇಲೆ ತಲೆತಲಾಂತರದಿಂದ ನುಡಿಯುತ್ತ ಬಂದಿರುವ ತುಂತುಣೆಗೆ ಅಂಥ ಸ್ಥಾನ ದೊರೆತಿಲ್ಲ. ಮರಾಠಿಯಲ್ಲಿ ತುಂತುಣೆ ಎಂದೂ ಉತ್ತರ ಕರ್ನಾಟಕದಲ್ಲಿ ತುಂತುಣಿ ಎಂದೂ ಕರೆಯಲಾಗುವ ಈ ವಾದ್ಯವು ಒಂದು ಮರದ ಕೊಳವೆ, ಒಂದು ತುಂಡು ಚರ್ಮ, ಒಂದು ಬಿದಿರುಕೋಲು ಮತ್ತು ಒಂದೇ ತಂತಿಯಿಂದ ಆದದ್ದು. ಅದನ್ನು ಕಟ್ಟುವ ಬಗೆಯನ್ನೂ ನುಡಿಸಿದವರ ಬದುಕನ್ನೂ ಗಮನಿಸಿದರೆ, ಕಲ್ಲಿನ ಕಟ್ಟಡಗಳು ತಿಳಿಸದ ಎಷ್ಟೋ ಸಂಗತಿಗಳು ಅದರಿಂದ ತಿಳಿದುಬರುತ್ತವೆ.

ಖಂಡೋಬಾ ಕನ್ನಡಿಗರಿಗೆ ಹೊಸ ದೈವವಲ್ಲ. ಮೈಲಾರಲಿಂಗ, ಮಲ್ಲಯ್ಯ, ಮಾರ್ತಾಂಡ ಭೈರವ ಎಂಬ ಹೆಸರುಗಳಿಂದ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ, ಬೆಳಗಾವಿ ಜಿಲ್ಲೆಯ ಮಂಗಸೂಳಿಯಲ್ಲಿ, ಬೀದರ್ ಬಳಿಯ ಖಾನಾಪುರದಲ್ಲಿ ಪೂಜೆಗೊಳ್ಳುವ ದೇವರೇ ಜೇಜುರಿಯಲ್ಲಿ ಮಲ್ಹಾರಿ ಎನಿಸಿದ್ದಾನೆ. ಮಣಿ ಮತ್ತು ಮಲ್ಲರೆಂಬ ರಾಕ್ಷಸರ ವಧೆಯನ್ನು ಹೇಳುವ ಸಂಸ್ಕೃತದ ಮಲ್ಲಾರಿ ಮಾಹಾತ್ಮ್ಯದಲ್ಲಿ ಬರುವ ಪ್ರೇಮಪುರಿಯನ್ನು ವಿದ್ವಾಂಸರು ಬೀದರ್ ಬಳಿಯ ಈ ಕ್ಷೇತ್ರದೊಂದಿಗೆ ಗುರುತಿಸಿದ್ದಾರೆ. ಮರಾಠಿ ಸಂಶೋಧಕ ರಾ. ಚಿಂ. ಢೇರೆ ಹಾಗೂ ಜರ್ಮನಿಯ ಗುಂಥರ್ ಸೋಂಥೈಮರ್ ಇಬ್ಬರೂ ಖಂಡೋಬಾನ ಬೇರುಗಳನ್ನು ಹುಡುಕುತ್ತ ಕನ್ನಡ ನಾಡಿಗೆ ಬಂದವರು. ಮೈಲಾರದಲ್ಲಿ ದೇವರ ಎಡಬಲಕ್ಕೆ ಗಂಗಿಮಾಳವ್ವ ಮತ್ತು ಕುರುಬತ್ಯೆವ್ವ ಇದ್ದರೆ, ಜೇಜುರಿಯಲ್ಲಿ ವರ್ತಕ ಕುಲದ ಮ್ಹಾಳಸಾ ಮತ್ತು ಕುರಿಗಾಹಿ ಧನಗರರ ಬಾಣಾಯಿ ಇದ್ದಾರೆ. ಇತ್ತ ‘ಏಳುಕೋಟಿ’ ಎಂದು ಕೂಗಿ ಅರಿಸಿನದ ಭಂಡಾರವನ್ನು ಎರಚುವ ಭಕ್ತರು ಅತ್ತ ‘ಯೇಳಕೋಟ’ ಎಂದು ಕೂಗಿ ಅದೇ ಭಂಡಾರವನ್ನು ಎರಚುತ್ತಾರೆ.

ದೇವರು ಒಬ್ಬನೇ ಆದರೂ ಸೇವಕರ ವಾದ್ಯಗಳು ಒಂದೇ ಅಲ್ಲ ಎಂಬುದು ಕುತೂಹಲದ ವಿಷಯ. ಮೈಲಾರದ ಗೊರವರು ಕರಿಯ ಕಂಬಳಿ ಹೊದ್ದು, ಕರಡಿಯ ಕೂದಲಿನ ಟೊಪ್ಪಿಗೆ ಧರಿಸಿ, ಡಮರುಗವನ್ನೂ ಕೊಳಲನ್ನೂ ನುಡಿಸುತ್ತಾರೆ; ಜೇಜುರಿಯಲ್ಲಿ ಅವರ ಸ್ಥಾನದಲ್ಲಿರುವ ವಾಘ್ಯಾಗಳು, ಎಂದರೆ ಖಂಡೋಬಾನಿಗೆ ಹರಕೆಯಾಗಿ ಒಪ್ಪಿಸಲ್ಪಟ್ಟ ಗಂಡಸರು, ತುಂತುಣಿ ಮತ್ತು ದಿಮಡಿಗಳನ್ನು ಹಿಡಿದಿರುತ್ತಾರೆ. ದಿಮಡಿ ಎಂಬುದು ಅಂಗೈಯಗಲದ ಬಳೆಗೆ ಚರ್ಮ ಹೊದಿಸಿದ, ಕಂಜೀರವನ್ನು ಹೋಲುವ ಚಿಕ್ಕ ವಾದ್ಯ. ದೇವರಿಗೆ ಒಪ್ಪಿಸಲ್ಪಟ್ಟ ಹೆಂಗಸರಾದ ಮುರಳಿಯರು ಕೈಗಂಟೆ ಹಿಡಿದು ಕುಣಿಯುತ್ತಾರೆ. ಮದುವೆಯಂಥ ಶುಭಕಾರ್ಯದ ನಂತರ ಮನೆಯಂಗಳದಲ್ಲಿ ಕಬ್ಬಿನ ಜಲ್ಲೆಗಳನ್ನು ನಿಲ್ಲಿಸಿ ಮಂಟಪ ಕಟ್ಟಿ, ರಾತ್ರಿಯಿಡೀ ಖಂಡೋಬಾನ ಕಥೆ ಹಾಡಿಸುವ ಜಾಗರಣದಲ್ಲಿ ಇವರೆಲ್ಲರೂ ಕೂಡುತ್ತಾರೆ. ಕಬ್ಬಿಣದ ಸರಪಳಿಯನ್ನು ಒಂದೇ ಎಳೆತಕ್ಕೆ ಹರಿಯುವ ವ್ರತಾಚರಣೆ ಎರಡೂ ಕಡೆ ಉಂಟು. ಇನ್ನು ತುಂತುಣಿ ಕನ್ನಡ ನಾಡಿಗೆ ಅಪರಿಚಿತವೇನಲ್ಲ: ಲಾವಣಿ ಮತ್ತು ಗೀಗೀ ಮೇಳಗಳಲ್ಲಿ ಡಪ್ಪು, ತಾಳಗಳ ಜೊತೆಗೆ ಅದು ಇದ್ದೇ ಇರುತ್ತದೆ, ಎಲ್ಲಮ್ಮನ ಜೋಗತಿಯರ ಚೌಡಿಕೆ ಅದರ ಒಡಹುಟ್ಟು.

ವಾದ್ಯವನ್ನು ಕಟ್ಟುವ ಕ್ರಮ ನೋಡುವುದಕ್ಕೆ ಸರಳವಾದರೂ ಪ್ರತಿ ಹಂತದಲ್ಲಿಯೂ ಕೈಯ ಎಚ್ಚರವನ್ನು ಬೇಡುತ್ತದೆ. ಬಿರುಕು ಬಿಡದ ಮರದ ತುಂಡೊಂದನ್ನು ಒಳಗೆ ಕೊರೆದು, ಎರಡೂ ಕಡೆ ತೆರೆದ ಕೊಳವೆಯಾಗಿ ಮಾಡಲಾಗುತ್ತದೆ. ಗೋಡೆ ದಪ್ಪವಾದರೆ ರಾತ್ರಿಯಿಡೀ ಹೊರುವವನ ತೋಳು ಸೋಲುತ್ತದೆ, ತೀರ ತೆಳುವಾದರೆ ಚರ್ಮ ಒಣಗುತ್ತ ಬಿಗಿಯುವಾಗ ಅಂಚು ಸೀಳುತ್ತದೆ. ಕೂದಲು ತೆಗೆದ ಆಡಿನ ಚರ್ಮವನ್ನು ನೀರಿನಲ್ಲಿ ನೆನೆಸಿ, ಹಸಿಯಾಗಿರುವಾಗಲೇ ಕೊಳವೆಯ ಕೆಳಬಾಯಿಗೆ ಎಳೆದು ಬಿಗಿದು, ನೆರಳಿನಲ್ಲಿ ಒಣಗಲು ಬಿಟ್ಟರೆ ಅದು ತನ್ನಷ್ಟಕ್ಕೆ ಕುಗ್ಗಿ ಬಿಗಿಯಾಗುತ್ತದೆ. ಆ ಚರ್ಮದ ನಟ್ಟನಡುವೆ ಸಣ್ಣ ತೂತು ಮಾಡಿ ತಂತಿಯನ್ನು ತೂರಿಸಲಾಗುತ್ತದೆ. ತಂತಿಯ ಎಳೆತಕ್ಕೆ ಚರ್ಮ ಹರಿಯದಿರಲೆಂದು ತೂತಿನ ಹೊರಬದಿಗೆ ಗುಂಡಿಯಂಥ ಗಟ್ಟಿ ಬಿಲ್ಲೆಯೊಂದನ್ನು ಇಟ್ಟು ಅದಕ್ಕೆ ತಂತಿಯ ಗಂಟು ಹಾಕುತ್ತಾರೆ. ಕೊಳವೆಯ ಹೊರಮೈಗೆ ಬಿದಿರುಕೋಲನ್ನು ಭದ್ರವಾಗಿ ಜೋಡಿಸಿ, ಅದರ ತುದಿಗೆ ಬಿರಡೆ, ಎಂದರೆ ತಂತಿ ಸುತ್ತುವ ಮರದ ಗೂಟವನ್ನು ಕೂರಿಸಿದ ಮೇಲೆ, ತಂತಿಯು ಚರ್ಮದಿಂದ ಹೊರಟು ಕೊಳವೆಯ ಟೊಳ್ಳಿನೊಳಗಿಂದ ಏರಿ, ಮೇಲಿನ ತೆರೆದ ಬಾಯಿಯಿಂದ ಹೊರಬಂದು ಬಿರಡೆಯನ್ನು ಸೇರುತ್ತದೆ. ಹಾಡುವವರ ಷಡ್ಜಕ್ಕೆ ತಕ್ಕಂತೆ ಬಿರಡೆ ತಿರುಗಿಸಿ, ಚಿಕ್ಕ ಕಡ್ಡಿಯಿಂದ ಮೀಟಿದರೆ ಆಧಾರಶ್ರುತಿ ಮತ್ತು ತಾಳ ಎರಡೂ ಒಂದೇ ಕೈಯಿಂದ ಹೊರಡುತ್ತವೆ.

ಇದರ ನಾದವಿಧಾನವನ್ನು ಅರಿಯಲು ದೂರದೇಶದ ಒಂದು ವಾದ್ಯದ ಹೋಲಿಕೆ ನೆರವಾಗುತ್ತದೆ. ಸ್ಲೊವಾಕ್ ಮೂಲದ ಜಾನ್ ಡೋಪೀರಾ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1920ರ ದಶಕದ ಕೊನೆಯಲ್ಲಿ ರೂಪಿಸಿದ ರೆಸೊನೇಟರ್ ಗಿಟಾರ್‌ನಲ್ಲಿ, ವಾದ್ಯಮೇಳದ ಗದ್ದಲದ ನಡುವೆಯೂ ಕೇಳಿಸುವಷ್ಟು ಗಟ್ಟಿ ದನಿ ಬರಲೆಂದು, ಮರದ ಹಲಗೆಯ ಕೆಲಸವನ್ನು ತೆಳ್ಳನೆಯ ಅಲ್ಯೂಮಿನಿಯಂ ಶಂಕುವಿಗೆ ವಹಿಸಲಾಗಿತ್ತು; ತಂತಿಗಳು ಕುದುರೆಯ ಮೇಲೆ, ಎಂದರೆ ತಂತಿಯನ್ನು ಎತ್ತಿ ಹಿಡಿಯುವ ಸೇತುವೆಯ ಮೇಲೆ ಹಾದು, ಅದರ ಮೂಲಕ ಶಂಕುವನ್ನು ಅಲುಗಿಸುತ್ತವೆ. ತುಂತುಣಿಯಲ್ಲಿ ಆ ಕುದುರೆಯೇ ಇಲ್ಲ. ತಂತಿಯ ಒಂದು ತುದಿ ನೇರವಾಗಿ ಚರ್ಮದ ನಡುವಿಗೆ ಕಟ್ಟಿರುವುದರಿಂದ, ಅದು ಅತ್ತಿತ್ತ ಬಾಗಿ ಒಂದು ಆಂದೋಲನ ಮುಗಿಸುವಷ್ಟರಲ್ಲಿ ಎರಡು ಸಲ ಬಿಗಿಗೊಂಡು ಎರಡು ಸಲ ಚರ್ಮವನ್ನು ಜಗ್ಗುತ್ತದೆ. ಬಿದಿರುಕೋಲು ಕೊಳವೆಯ ಹೊರಗಿರುವ ಕಾರಣ ತಂತಿ ತುಸು ಓರೆಯಾಗಿಯೂ ಇರುತ್ತದೆ. ಹೀಗಾಗಿ ಮೂಲಸ್ವರದ ಜೊತೆಗೆ ಒಂದು ಸ್ಥಾಯಿ ಮೇಲಿನ ಸ್ವರವೂ ಬೆರೆತು, ತುಂತುಣಿಗೆ ಅದರದೇ ಆದ ಮಿಡುಕುವ ದನಿ ದಕ್ಕುತ್ತದೆ.

ಹಾಗಾದರೆ ಇದು ತಂತಿವಾದ್ಯವೋ ಚರ್ಮವಾದ್ಯವೋ ಎಂಬ ಪ್ರಶ್ನೆ ವಿದ್ವಾಂಸರನ್ನು ಕಾಡಿದೆ. 1914ರಲ್ಲಿ ಹಾರ್ನ್‌ಬೋಸ್ಟೆಲ್ ಮತ್ತು ಕರ್ಟ್ ಸಾಕ್ಸ್ ರಚಿಸಿದ ವಾದ್ಯವರ್ಗೀಕರಣವು ಬಂಗಾಳದ ಗೋಪೀಯಂತ್ರವೂ ಸೇರಿದ ಇಂಥ ವಾದ್ಯಗಳನ್ನು ‘ಮೀಟುವ ಮದ್ದಳೆ’ಗಳೆಂದು ಕರೆದು ಚರ್ಮವಾದ್ಯಗಳ ಸಾಲಿಗೆ ಸೇರಿಸಿತು, ನಾದ ಹುಟ್ಟುವುದು ತಂತಿಯಲ್ಲಿ, ಚರ್ಮ ಅದನ್ನು ಬಿತ್ತರಿಸುತ್ತದೆ ಅಷ್ಟೇ ಎಂದು ಲಾರೆನ್ಸ್ ಪಿಕೆನ್ ಮುಂದೆ ಆಕ್ಷೇಪಿಸಿದರು. ಬಿರಡೆ ತಿರುಗಿಸಿ ತಂತಿಯ ಬಿಗಿತದಿಂದಲೇ ಶ್ರುತಿ ಕೂಡಿಸುವ ವಾಘ್ಯಾನ ರೂಢಿಯನ್ನು ನೋಡಿದರೆ ಪಿಕೆನ್ ಅವರ ವಾದವೇ ಹೆಚ್ಚು ಒಪ್ಪತಕ್ಕದ್ದು.

ವಾದ್ಯ ತಯಾರಿಕೆಯ ಚರಿತ್ರೆಯಲ್ಲಿ ಯಾರಿಗೆ ಹೆಸರು ಸಿಗುತ್ತದೆ ಎಂಬುದನ್ನು ಸಾಂಗ್ಲಿ ಜಿಲ್ಲೆಯ ಮಿರಜ್ ತೋರಿಸಿಕೊಡುತ್ತದೆ. ಕನ್ನಡವೂ ಕೇಳಿಬರುವ ಆ ಗಡಿಪಟ್ಟಣದಲ್ಲಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬ್ 19ನೆಯ ಶತಮಾನದಲ್ಲಿ ಸಿತಾರ್ ಮತ್ತು ತಂಬೂರಿಗಳ ತಯಾರಿಕೆಗೆ ತೊಡಗಿದರು. ಪಟವರ್ಧನ ಸಂಸ್ಥಾನದ ಆಶ್ರಯವೂ ಮುಂದೆ ಅಲ್ಲಿಯೇ ನೆಲೆಸಿದ ಅಬ್ದುಲ್ ಕರೀಮ್ ಖಾನರಂಥ ಗಾಯಕರ ಒಡನಾಟವೂ ಆ ಕಸುಬನ್ನು ಬೆಳೆಸಿದವು, ಇತ್ತೀಚೆಗೆ ಮಿರಜಿನ ಸಿತಾರ್ ಮತ್ತು ತಂಬೂರಿಗಳಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ತುಂತುಣಿಗೆ ಇಂಥ ಆಶ್ರಯವಾಗಲಿ ಮನ್ನಣೆಯಾಗಲಿ ಒದಗಲಿಲ್ಲ, ಅದರ ಮೇಲೆ ತಯಾರಕರ ಹೆಸರನ್ನು ಕೆತ್ತುವ ಪದ್ಧತಿಯೂ ಬೆಳೆಯಲಿಲ್ಲ. ಕಟ್ಟುವ ಕೈಗಳ ಕೌಶಲವನ್ನು ಅಳೆದರೆ ಇದು ಅನ್ಯಾಯವೆಂದೇ ಹೇಳಬೇಕು.

ಇದಕ್ಕಿಂತ ದೊಡ್ಡ ಅನ್ಯಾಯ ಹಾಡುವವರ ಬದುಕಿನಲ್ಲಿತ್ತು. ಮುರಳಿಯಾಗಿ ಒಪ್ಪಿಸಲ್ಪಟ್ಟ ಹುಡುಗಿಯ ಮದುವೆ ದೇವರೊಂದಿಗೇ ಆದಂತೆ ಎಣಿಸಲಾಗುತ್ತಿದ್ದುದರಿಂದ ಸಂಸಾರದ ಆಸರೆ ಅವಳಿಗೆ ಇರುತ್ತಿರಲಿಲ್ಲ, ಬಡ ಮತ್ತು ದಲಿತ ಕುಟುಂಬಗಳ ಹೆಣ್ಣುಮಕ್ಕಳೇ ಹೆಚ್ಚಾಗಿ ಈ ಪದ್ಧತಿಗೆ ಬಲಿಯಾದರು. ಪುಣೆಯ ಶಿವರಾಮ ಜಾನಬಾ ಕಾಂಬಳೆ ತಮ್ಮ ‘ಸೋಮವಂಶೀಯ ಮಿತ್ರ’ ಪತ್ರಿಕೆಯ ಮೂಲಕ 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಇದರ ವಿರುದ್ಧ ದನಿಯೆತ್ತಿದರು. 1873ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, 1906ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದ ವಿಠ್ಠಲ ರಾಮಜಿ ಶಿಂದೆ ಅವರೂ ಮುರಳಿ ಪದ್ಧತಿಯ ತಡೆಗಾಗಿ ಚಳವಳಿ ನಡೆಸಿದರು. ದೇವದಾಸಿಯರ ರಕ್ಷಣೆಗಾಗಿ 1934ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ, ಮುಂದೆ 1982ರಲ್ಲಿ ಕರ್ನಾಟಕದಲ್ಲಿ ಕಾಯಿದೆಗಳು ಬಂದವು. ಅರುಣ್ ಕೊಲಟ್ಕರ್ 1976ರಲ್ಲಿ ಪ್ರಕಟಿಸಿದ ‘ಜೇಜುರಿ’ ಎಂಬ ಇಂಗ್ಲಿಷ್ ಕವನಸಂಕಲನದಲ್ಲಿ ವಾಘ್ಯಾನಿಗೂ ಮುರಳಿಗೂ ಒಂದೊಂದು ಹಾಡು ಮೀಸಲಾಗಿದೆ.

ಒಪ್ಪಿಸುವ ಪದ್ಧತಿ ನಿಷಿದ್ಧವಾದರೂ ಜಾಗರಣ ನಿಲ್ಲಲಿಲ್ಲ. ಇಂದು ಅದನ್ನು ಹರಕೆಯ ಕಟ್ಟಿಲ್ಲದ ವೃತ್ತಿಪರ ಮೇಳಗಳೂ ನಡೆಸಿಕೊಡುತ್ತವೆ. ವಾದ್ಯಗಳೂ ಬದಲಾಗಿವೆ. ದಿಮಡಿಗೆ ಹಿಂದೆ ಬಳಸುತ್ತಿದ್ದ ಉಡದ ಚರ್ಮವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದಾಗಿ ಬಳಕೆಗೆ ಬಾರದಂತಾಗಿ, ಬೇರೆ ಹೊದಿಕೆಗಳು ಬಂದಿವೆ. ತುಂತುಣಿಯಲ್ಲಿ ಕೊರೆದ ಮರದ ಬದಲು ತಗಡಿನ ಇಲ್ಲವೆ ಹಿತ್ತಾಳೆಯ ಕೊಳವೆಗಳು ಕಾಣಸಿಗುತ್ತವೆ. ಇವು ಹಗುರವಾಗಿದ್ದು ಬೇಗ ಸಿದ್ಧವಾಗುತ್ತವೆಯಾದರೂ ದನಿ ಮರದ ಕೊಳವೆಯದಕ್ಕಿಂತ ಹರಿತವಾಗಿರುತ್ತದೆ, ಚರ್ಮವನ್ನು ಅಂಚಿಗೆ ಬಿಗಿಯಲು ಬೇರೆ ಪಟ್ಟಿಯೂ ಬೇಕಾಗುತ್ತದೆ. ನಡುವಿನ ಬಿಲ್ಲೆ, ಓರೆಯಾದ ತಂತಿ ಮತ್ತು ಬಿರಡೆಗಳಲ್ಲಿ ಮಾತ್ರ ಬದಲಾವಣೆಯಾಗಿಲ್ಲ.